ಒಂದೇ ಪೈಥಾನ್, ಮೂರು ಯಂತ್ರ: ತಾರಸಿಯ ಟ್ಯಾಂಕಿಗೊಂದು ಲೆಕ್ಕಪುಸ್ತಕ

ಕರಾವಳಿಯ ಬಹಳಷ್ಟು ಮನೆಗಳಲ್ಲಿ ನೀರಿನ ದಾರಿ ಒಂದೇ: ಅಂಗಳದ ಬಾವಿ, ಒಂದು ಪಂಪು, ತಾರಸಿಯ ಮೇಲೆ ಕಪ್ಪು ಟ್ಯಾಂಕಿ. ಪಂಪು ಹಾಕಿ ಮರೆತರೆ ಮಾಡಿನಿಂದ ನೀರು ಧಾರೆಯಾಗಿ ಸುರಿಯುತ್ತದೆ. ಬಾವಿಯ ತಳ ಕಾಣುವ ಏಪ್ರಿಲ್ ಕೊನೆಯಲ್ಲಿ ಮರೆತರೆ ಪಂಪೇ ಸುಟ್ಟುಹೋಗುತ್ತದೆ. ನಲ್ಲಿ ನೀರು ಇರುವ ಪೇಟೆ ಮನೆಗಳದ್ದೂ ಇದೇ ಪಾಡು. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣೆಯ ಬಜೆಯಿಂದ ನೀರು ಬರುತ್ತದೆ. ಕೆಲವು ವರ್ಷ ಬೇಸಗೆಯಲ್ಲಿ ಅದೂ ಸರದಿಯ ಮೇಲೆ. ಟ್ಯಾಂಕಿಯಲ್ಲಿ ಈಗ ಎಷ್ಟು ಲೀಟರ್ ಉಂಟು, ನಿನ್ನೆ ಎಷ್ಟು ಖರ್ಚಾಯಿತು ಎಂದು ತಿಳಿಯಲು ಏಣಿ ಹತ್ತಿ ಮುಚ್ಚಳ ತೆಗೆದು ನೋಡುವುದೊಂದೇ ಉಪಾಯವಾಗಿರಬೇಕಿಲ್ಲ.

ಈ ಮಾರ್ಗದರ್ಶಿ ಆ ಲೆಕ್ಕವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡುತ್ತದೆ. ಕೆಲಸ ಮೂರು ಯಂತ್ರಗಳಿಗೆ ಹಂಚಿಹೋಗುತ್ತದೆ. ಬರೆಯಲು ಮತ್ತು ಪರೀಕ್ಷಿಸಲು ಲ್ಯಾಪ್‌ಟಾಪ್, ಟ್ಯಾಂಕಿಯ ಬಳಿ ಅಳೆಯಲು ಇಎಸ್‌ಪಿ32 ಎಂಬ ಪುಟ್ಟ ಬೋರ್ಡ್, ಲೆಕ್ಕ ಇಟ್ಟು ತೋರಿಸಲು ಕಪಾಟಿನಲ್ಲಿ ಬಿದ್ದಿರುವ ಹಳೆಯ ಆಂಡ್ರಾಯ್ಡ್ ಫೋನ್. ಭಾಷೆ ಮೂರರಲ್ಲೂ ಒಂದೇ, ಆದರೆ ಯಂತ್ರಗಳ ಸ್ವಭಾವ ಒಂದೇ ಅಲ್ಲ. ಆದ್ದರಿಂದ ಮೊದಲ ನಿಯಮ: ಯೋಚಿಸುವ ಕೋಡು ಒಂದು ಫೈಲಿನಲ್ಲಿರಲಿ, ಯಂತ್ರವನ್ನು ಮುಟ್ಟುವ ಕೋಡು ಇನ್ನೊಂದರಲ್ಲಿರಲಿ. ಲೀಟರ್ ಲೆಕ್ಕ ಹಾಕುವ ಫೈಲಿಗೆ ಸೆನ್ಸರ್, ವೈಫೈ, ಗಡಿಯಾರಗಳ ಗೊಡವೆಯೇ ಬೇಡ. ಹಾಗಿದ್ದರೆ ಮಾತ್ರ ಅದು ಲ್ಯಾಪ್‌ಟಾಪಿನಿಂದ ಬೋರ್ಡಿಗೆ, ಬೋರ್ಡಿನಿಂದ ಫೋನಿಗೆ ಒಂದಕ್ಷರವೂ ಬದಲಾಗದೆ ಹೋಗುತ್ತದೆ.

ಇಲ್ಲಿ ಆಜ್ಞೆಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ, ಸಣ್ಣಕ್ಷರ ಪೈಥಾನಿಗೆ ಬೇರೆ ಬೇರೆ.

ಬೇಕಾದ ಸಾಮಾನು

ಇಎಸ್‌ಪಿ32 ಡೆವಲಪ್‌ಮೆಂಟ್ ಬೋರ್ಡ್ ಒಂದು. ನೀರು ತಾಗಿದರೂ ಕೆಡದ ಜೆಎಸ್‌ಎನ್ ಎಸ್‌ಆರ್04ಟಿ ಅಲ್ಟ್ರಾಸಾನಿಕ್ ಸೆನ್ಸರ್ ಒಂದು, ಶಬ್ದ ಕಳಿಸಿ ಅದರ ಮರುದನಿಯಿಂದ ದೂರ ಅಳೆಯುವಂಥದ್ದು. ಬರೇ ಎಚ್‌ಸಿ ಎಸ್‌ಆರ್04 ಅಗ್ಗವಾದರೂ ಅದರ ಎರಡು ಕಣ್ಣು ತೆರೆದಿರುತ್ತವೆ, ಟ್ಯಾಂಕಿಯೊಳಗಿನ ಆವಿಗೆ ಬಾಳಿಕೆ ಬರುವುದಿಲ್ಲ. ಮೇಜಿನ ಮೇಲಿನ ಪ್ರಯೋಗಕ್ಕೆ ಮಾತ್ರ ಸರಿ. 1 ಕಿಲೋಓಮ್ ಮತ್ತು 2 ಕಿಲೋಓಮ್ ರೆಸಿಸ್ಟರ್ ಒಂದೊಂದು. 5 ವೋಲ್ಟ್, ಕನಿಷ್ಠ 1 ಆಂಪಿಯರ್ ಚಾರ್ಜರ್. ಡೇಟಾ ಹೋಗುವ ಯುಎಸ್‌ಬಿ ಕೇಬಲ್. ಬರೇ ಚಾರ್ಜಿಂಗ್ ಕೇಬಲ್ ಆದರೆ ಬೋರ್ಡಿನ ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಅದು ಕಾಣುವುದಿಲ್ಲ. ಮೊದಲ ದಿನ ಆಗುವ ತಕರಾರುಗಳಲ್ಲಿ ಇದೇ ಮುಖ್ಯವಾದದ್ದು. ಮಳೆ ನೀರು ಹೊಗದ ಪ್ಲಾಸ್ಟಿಕ್ ಪೆಟ್ಟಿಗೆ, ವಯರಿಗೆ ಕೇಬಲ್ ಗ್ಲ್ಯಾಂಡ್, ಒಂದಿಷ್ಟು ಸಿಲಿಕಾ ಜೆಲ್ ಪೊಟ್ಟಣ.

ಪಂಪನ್ನು ತಾನಾಗಿಯೇ ನಿಲ್ಲಿಸುವ ರಿಲೇ ಈ ಪಟ್ಟಿಯಲ್ಲಿ ಇಲ್ಲ, ಬೇಕೆಂದೇ ಬಿಟ್ಟದ್ದು. 230 ವೋಲ್ಟಿನ ಮೋಟಾರು ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟಿಗೆ ಆಟಿಕೆಯಂಥ ನೀಲಿ ರಿಲೇಯ ಕಾಂಟ್ಯಾಕ್ಟು ಅಂಟಿಕೊಳ್ಳುತ್ತದೆ. ಆಮೇಲೆ ಪ್ರೋಗ್ರಾಮು ನಿಲ್ಲು ಎಂದರೂ ಪಂಪು ನಿಲ್ಲುವುದಿಲ್ಲ. ಅದು ಕಾಂಟ್ಯಾಕ್ಟರ್ ಎಂಬ ಗಟ್ಟಿ ಸ್ವಿಚ್ಚು ಹಾಕಿ ಎಲೆಕ್ಟ್ರಿಶಿಯನ್ ಮಾಡಬೇಕಾದ ಕೆಲಸ. ಮೊದಲು ಒಂದು ತಿಂಗಳು ಅಳತೆಯನ್ನು ಮಾತ್ರ ಮಾಡಿ. ಅಂಕಿಗಳ ಮೇಲೆ ನಂಬಿಕೆ ಬಂದ ಮೇಲೆ ಉಳಿದದ್ದು.

ಲ್ಯಾಪ್‌ಟಾಪ್: ಮೊದಲ ಅರ್ಧ ಗಂಟೆ

ಪೈಥಾನನ್ನು ಗೈಡೋ ವಾನ್ ರಾಸಮ್ 1989ರ ಡಿಸೆಂಬರಿನಲ್ಲಿ ಬರೆಯಲು ತೊಡಗಿದರು. 1991ರಲ್ಲಿ ಮೊದಲ ಆವೃತ್ತಿ ಹೊರಬಂತು. ಈಗ ಬಳಕೆಯಲ್ಲಿರುವುದು 3ನೆಯ ಸರಣಿ. 2ನೆಯ ಸರಣಿಗೆ 2020ರ ಜನವರಿ 1ಕ್ಕೆ ಬೆಂಬಲ ನಿಂತಿತು. ಹಳೆಯ ಪಾಠಗಳಲ್ಲಿ ಪ್ರಿಂಟ್ ಎಂಬ ಪದದ ನಂತರ ಆವರಣ ಚಿಹ್ನೆ ಇಲ್ಲದಿದ್ದರೆ ಅದು 2ನೆಯ ಸರಣಿಯದ್ದು, ಬಿಟ್ಟುಬಿಡಿ.

ವಿಂಡೋಸಿನಲ್ಲಿ ಅಧಿಕೃತ ತಾಣದಿಂದ ಇಳಿಸಿದ ಇನ್‌ಸ್ಟಾಲರ್ ತೆರೆದಾಗ ಕೆಳಗಡೆ ‘ಪಾತ್‌ಗೆ ಸೇರಿಸು’ ಎಂಬ ಅರ್ಥದ ಒಂದು ಚೌಕ ಇರುತ್ತದೆ. ಅದಕ್ಕೆ ಗುರುತು ಹಾಕಿಯೇ ಮುಂದೆ ಹೋಗಿ. ಮರೆತರೆ ಕಮಾಂಡ್ ಪ್ರಾಂಪ್ಟಿನಲ್ಲಿ ಪೈಥಾನ್ ಎಂದು ಹೊಡೆದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ, ಹಾಕಿದ್ದು ಎಲ್ಲಿ ಹೋಯಿತು ಎಂದು ಹುಡುಕುವ ಪಾಡು. ಆಗ ಪಿ, ವೈ ಎಂಬ ಎರಡೇ ಅಕ್ಷರ ಹೊಡೆದು ನೋಡಿ. ಲಾಂಚರ್ ಇದ್ದರೆ ಅದು ಸರಿಯಾದ ಪೈಥಾನನ್ನು ತೆರೆಯುತ್ತದೆ.

ಬರೆಯಲು ಥಾನಿ ಎಂಬ ಎಡಿಟರ್ ಸಾಕು. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಹೊಸಬರಿಗೆಂದೇ ಮಾಡಿದ್ದು, ಇಎಸ್‌ಪಿ32ರ ಜತೆಗೂ ನೇರ ಮಾತಾಡುತ್ತದೆ. ಒಂದು ಎಚ್ಚರ: ಥಾನಿ ತನ್ನದೇ ಒಂದು ಪೈಥಾನನ್ನು ಹೊತ್ತು ತರುತ್ತದೆ. ನೀವು ಬೇರೆಯಾಗಿ ಹಾಕಿದ ಪೈಥಾನಿಗೆ ಸೇರಿಸಿದ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಥಾನಿಗೆ ಕಾಣುವುದಿಲ್ಲ. ‘ಮಾಡ್ಯೂಲ್ ಸಿಗಲಿಲ್ಲ’ ಎಂಬ ದೋಷ ಬಂದರೆ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಮೊದಲು ಯಾವ ಪೈಥಾನ್ ಓಡುತ್ತಿದೆ ಎಂದು ನೋಡಿ.

ಈಗ ಟ್ಯಾಂಕ್ ಎಂಬ ಹೆಸರಿನ ಫೈಲು ಮಾಡಿ, ಕೊನೆಗೆ ಚುಕ್ಕಿ ಪಿವೈ. ಫೈಲಿಗೆ ಟೈಮ್, ಮೆಷಿನ್, ರ್‍ಯಾಂಡಮ್ ಎಂಬ ಹೆಸರು ಇಡಬೇಡಿ. ಪೈಥಾನ್ ಅದೇ ಹೆಸರಿನ ತನ್ನ ಮಾಡ್ಯೂಲ್ ಬಿಟ್ಟು ನಿಮ್ಮ ಫೈಲನ್ನೇ ಎತ್ತಿಕೊಂಡು ವಿಚಿತ್ರ ದೋಷ ಕೊಡುತ್ತದೆ.

ಲೀಟರಿನ ಲೆಕ್ಕ

ಕೋಡಿಗೆ ಮೊದಲು ಟೇಪು. ಟ್ಯಾಂಕಿಯ ಒಳವ್ಯಾಸ ಅಳೆಯಿರಿ. 104 ಸೆಂ.ಮೀ. ಬಂತು ಎನ್ನೋಣ. ತ್ರಿಜ್ಯ 52, ಅದರ ವರ್ಗ 2704, ಅದಕ್ಕೆ 3.1416ರಿಂದ ಗುಣಿಸಿದರೆ ಸುಮಾರು 8495 ಚದರ ಸೆಂ.ಮೀ. ಅಂದರೆ ನೀರಿನ ಪ್ರತಿ ಒಂದು ಸೆಂಟಿಮೀಟರ್ ಎತ್ತರಕ್ಕೆ 8.5 ಲೀಟರ್. ಸಾವಿರ ಲೀಟರಿಗೆ 117.6 ಸೆಂ.ಮೀ. ನೀರು. ಸೆನ್ಸರಿನ ಮುಖದಿಂದ ತಳದವರೆಗೆ 145 ಸೆಂ.ಮೀ. ಇದ್ದರೆ, ತುಂಬಿದಾಗ ನೀರಿನ ಮೇಲ್ಮೈ ಸೆನ್ಸರಿನಿಂದ 27.4 ಸೆಂ.ಮೀ. ದೂರದಲ್ಲಿರುತ್ತದೆ.

ಈ 27.4 ಸುಮ್ಮನೆ ಬಂದದ್ದಲ್ಲ. ಜೆಎಸ್‌ಎನ್ ಸೆನ್ಸರಿಗೆ ಸುಮಾರು 20ರಿಂದ 25 ಸೆಂ.ಮೀ.ವರೆಗೆ ಕುರುಡು ವಲಯ ಉಂಟು. ಶಬ್ದ ಕಳಿಸುವ ತುಂಡೇ ಮರುದನಿಯನ್ನೂ ಕೇಳಬೇಕಾದ್ದರಿಂದ, ತನ್ನ ಕಂಪನ ನಿಲ್ಲುವ ಮೊದಲೇ ಬಂದ ಮರುದನಿ ಅದಕ್ಕೆ ಕೇಳುವುದಿಲ್ಲ. ನೀರು ಆ ವಲಯಕ್ಕೆ ಏರಿದರೆ ಅಂಕಿ ಹಠಾತ್ತನೆ ದೂರಕ್ಕೆ ಜಿಗಿಯುತ್ತದೆ. ತುಂಬಿ ತುಳುಕುವ ಟ್ಯಾಂಕಿ ಅರ್ಧ ಖಾಲಿ ಎಂದು ತೋರಿಸುತ್ತದೆ. ಮುಚ್ಚಳವನ್ನು ಅಷ್ಟು ಎತ್ತರಿಸಲು ಆಗದಿದ್ದರೆ ‘ತುಂಬಿತು’ ಎಂಬ ಗೆರೆಯನ್ನೇ ಕೆಳಗಿಳಿಸಿ. 13 ಸೆಂ.ಮೀ. ಇಳಿಸಿದರೆ ಕಳೆದುಕೊಳ್ಳುವುದು 110 ಲೀಟರ್ ಅಷ್ಟೇ. ಸೆನ್ಸರನ್ನು ಎತ್ತರಿಸಲು ಪಿವಿಸಿ ಕೊಳವೆಯ ತುಂಡಿನೊಳಗೆ ಕೂರಿಸುವ ಉಪಾಯ ಬೇಡ, ಶಬ್ದ ಕೊಳವೆಯ ಗೋಡೆಗೇ ಬಡಿದು ವಾಪಸಾಗುತ್ತದೆ.

ಟ್ಯಾಂಕ್ ಫೈಲಿನಲ್ಲಿ ಮೂರೇ ಫಂಕ್ಷನ್, ಅಂದರೆ ಹೆಸರಿಟ್ಟು ಕರೆಯಬಹುದಾದ ಕೋಡಿನ ತುಂಡು:

1. ನಡುಬೆಲೆ. ಒಂಬತ್ತು ಅಳತೆಗಳ ಪಟ್ಟಿ ಬರುತ್ತದೆ. 20 ಸೆಂ.ಮೀ.ಗಿಂತ ಕಡಿಮೆ, 150ಕ್ಕಿಂತ ಹೆಚ್ಚು ಇರುವುದನ್ನು ಬಿಸಾಡಿ, ಉಳಿದದ್ದನ್ನು ಏರಿಕೆಯಲ್ಲಿ ಜೋಡಿಸಿ ನಡುವಿನದ್ದನ್ನು ಹಿಂತಿರುಗಿಸುತ್ತದೆ. ಐದಕ್ಕಿಂತ ಕಡಿಮೆ ಉಳಿದರೆ ‘ನನ್’, ಅಂದರೆ ಏನೂ ಇಲ್ಲ ಎಂಬ ಬೆಲೆ, ಹಿಂತಿರುಗಿಸುತ್ತದೆ (ಈ ಪದದ ಮೊದಲ ಅಕ್ಷರ ಮಾತ್ರ ದೊಡ್ಡದು). ಸರಾಸರಿ ಯಾಕಲ್ಲ ಅಂದರೆ, ಒಂದು ಅಳತೆ ಗೋಡೆಗೆ ಬಡಿದು ತಪ್ಪಾದರೆ ಸರಾಸರಿ ಪೂರ್ತಿ ಓರೆಯಾಗುತ್ತದೆ, ನಡುಬೆಲೆ ಅಲುಗುವುದಿಲ್ಲ.

2. ಲೀಟರ್. 145ರಿಂದ ದೂರವನ್ನು ಕಳೆದು 8.5ರಿಂದ ಗುಣಿಸುತ್ತದೆ. ಉತ್ತರ ಸೊನ್ನೆಗಿಂತ ಕೆಳಗೆ ಹೋದರೆ ಸೊನ್ನೆ, ಸಾವಿರದ ಮೇಲೆ ಹೋದರೆ ಸಾವಿರ.

3. ಸ್ಥಿತಿ. ಈಗಿನ ಲೀಟರ್ ಮತ್ತು ಹಿಂದಿನ ಸ್ಥಿತಿ ಎರಡನ್ನೂ ಪಡೆಯುತ್ತದೆ. 900 ದಾಟಿದರೆ ‘ತುಂಬಿತು’. ಒಮ್ಮೆ ತುಂಬಿತು ಎಂದ ಮೇಲೆ 800ಕ್ಕಿಂತ ಇಳಿಯುವವರೆಗೆ ಅದೇ ಮಾತು. 200ಕ್ಕಿಂತ ಕಡಿಮೆಯಾದರೆ ‘ಖಾಲಿಯಾಗುತ್ತಿದೆ’. 300 ದಾಟುವವರೆಗೆ ಅದೇ. ಈ ಅಂತರ ಇಲ್ಲದಿದ್ದರೆ ನೀರಿನ ಅಲೆಗೆ ಸ್ಥಿತಿ ನಿಮಿಷಕ್ಕೆ ಹತ್ತು ಸಲ ಬದಲಾಗುತ್ತದೆ.

ನಡುಬೆಲೆಗೆ ಪೈಥಾನಿನಲ್ಲಿ ಸಿದ್ಧ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲ್ ಉಂಟಲ್ಲ ಎನ್ನಬಹುದು. ಲ್ಯಾಪ್‌ಟಾಪಿನಲ್ಲಿ ಉಂಟು, ಇಎಸ್‌ಪಿ32ಗೆ ಹಾಕುವ ಪೈಥಾನಿನ ಒಡಲಲ್ಲಿ ಇಲ್ಲ. ಡೇಟ್‌ಟೈಮ್, ಪಾತ್‌ಲಿಬ್, ಡೇಟಾಕ್ಲಾಸಸ್ ಕೂಡ ಹಾಗೆಯೇ. ಆದ್ದರಿಂದ ಈ ಫೈಲಿನಲ್ಲಿ ಪಟ್ಟಿ, ಅಂಕಿ, ಫಂಕ್ಷನ್ ಬಿಟ್ಟು ಬೇರೇನೂ ಬೇಡ. ಬೇರೆ ಕೋಡನ್ನು ಕರೆತರುವ ಇಂಪೋರ್ಟ್ ಸಾಲು ಒಂದೂ ಇಲ್ಲದಿದ್ದರೆ ಫೈಲು ಸರಿಯಾಗಿದೆ ಎಂದರ್ಥ.

ಪರೀಕ್ಷೆ ಲ್ಯಾಪ್‌ಟಾಪಿನಲ್ಲೇ ಮುಗಿಯಲಿ. ಬೇರೊಂದು ಫೈಲಿನಲ್ಲಿ ಟ್ಯಾಂಕನ್ನು ಇಂಪೋರ್ಟ್ ಮಾಡಿ, ಉತ್ತರ ಹೀಗೇ ಇರಬೇಕು, ಇಲ್ಲದಿದ್ದರೆ ನಿಲ್ಲು ಎನ್ನುವ ಅಸರ್ಟ್ ಸಾಲುಗಳನ್ನು ಬರೆಯಿರಿ: ದೂರ 145 ಆದರೆ 0 ಲೀಟರ್, 45 ಆದರೆ 850, 27 ಆದರೆ 1000. ಮೂರನೆಯದ್ದರ ನಿಜವಾದ ಗುಣಾಕಾರ 1003. ಮಿತಿ ಹಾಕಿದ್ದು ಕೆಲಸ ಮಾಡುತ್ತದೋ ಎಂದು ತಿಳಿಯುವುದು ಇಲ್ಲಿಯೇ. ಒಂಬತ್ತು ಅಳತೆಗಳಲ್ಲಿ ನಾಲ್ಕನ್ನು ಬೇಕೆಂದೇ ಕೆಡಿಸಿ ಕೊಟ್ಟರೂ ಉತ್ತರ ಬರಬೇಕು, ಐದನ್ನು ಕೆಡಿಸಿದರೆ ನನ್ ಬರಬೇಕು. ತಾರಸಿಯ ಬಿಸಿಲಲ್ಲಿ ಲ್ಯಾಪ್‌ಟಾಪ್ ಹಿಡಿದು ತಪ್ಪು ಹುಡುಕುವುದಕ್ಕಿಂತ ಒಳಗೆ ಫ್ಯಾನಿನಡಿ ಕೂತು ಹುಡುಕುವುದು ಲೇಸು, ಮಾರಾಯ್ರೆ.

ಕನ್ನಡ ಅಕ್ಷರ ಎಲ್ಲಿ ಮುಗ್ಗರಿಸುತ್ತದೆ

ಪೈಥಾನ್ 3ರಲ್ಲಿ ವೇರಿಯಬಲ್ಲಿಗೆ ಕನ್ನಡದಲ್ಲೇ ಹೆಸರಿಡಬಹುದು. ದೂರ, ಎತ್ತರ, ನೀರು ಎಲ್ಲವೂ ನಡೆಯುತ್ತವೆ. ಆದರೆ ‘ಟ್ಯಾಂಕ್‌ಎತ್ತರ’ ಎಂಬಲ್ಲಿ ಅರ್ಧಾಕ್ಷರ ಮುಂದಿನದ್ದಕ್ಕೆ ಕೂಡದಂತೆ ತಡೆಯಲು ಕೀಬೋರ್ಡ್ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತದೆ, ಜೀರೋ ವಿಡ್ತ್ ನಾನ್ ಜಾಯಿನರ್ ಎಂದು ಅದರ ಹೆಸರು. ಹೆಸರಿನೊಳಗೆ ಪೈಥಾನ್ ಅದನ್ನು ಒಪ್ಪುವುದಿಲ್ಲ. ಕಾಣದ ಅಕ್ಷರಕ್ಕೆ ದೋಷ ತೋರಿಸಿದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಅದೇ ಕಿರಿಕಿರಿ. ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ, ಜನರಿಗೆ ತೋರಿಸುವ ಸಂದೇಶ ಕನ್ನಡದಲ್ಲಿ: ಇದೇ ನೆಮ್ಮದಿಯ ದಾರಿ.

ಉದ್ದ ಎಣಿಸುವ ಲೆನ್ ಫಂಕ್ಷನ್ನಿಗೆ ‘ಮಂಗಳೂರು’ ಕೊಟ್ಟರೆ 7 ಎನ್ನುತ್ತದೆ, ನಾವು ಎಣಿಸುವುದು 4 ಅಕ್ಷರ. ‘ಉಡುಪಿ’ಗೆ 5. ಸ್ವರಚಿಹ್ನೆ, ಅನುಸ್ವಾರಗಳನ್ನು ಅದು ಪ್ರತ್ಯೇಕವಾಗಿ ಎಣಿಸುತ್ತದೆ. ಸಣ್ಣ ಪರದೆಯಲ್ಲಿ ಸಾಲು ಹೊಂದಿಸುವಾಗ ಈ ಎಣಿಕೆಯನ್ನು ನಂಬಿ ಪದ ಕತ್ತರಿಸಿದರೆ ‘ರು’ ಹೋಗಿ ‘ರ’ ಉಳಿಯುತ್ತದೆ. ಬಳಕೆದಾರ ಕನ್ನಡ ಅಂಕಿಯಲ್ಲಿ ೧೨ ಎಂದು ಬರೆದರೆ ಇಂಟ್ ಫಂಕ್ಷನ್ ಅದನ್ನು 12 ಎಂದೇ ಓದುತ್ತದೆ. ಆದರೆ ಕೋಡಿನೊಳಗೆ ನೇರವಾಗಿ ೧೨ ಬರೆದರೆ ದೋಷ.

ವಿಂಡೋಸಿನಲ್ಲಿ ಫೈಲು ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಹೆಚ್ಚಿನ ಯಂತ್ರಗಳಲ್ಲಿ ಅದು ಹಳೆಯ ಪಾಶ್ಚಾತ್ಯ ಅಕ್ಷರಸಂಚಯ ಹಿಡಿಯುತ್ತದೆ, ಕನ್ನಡ ಬರೆದ ಕೂಡಲೇ ಪ್ರೋಗ್ರಾಮು ನಿಲ್ಲುತ್ತದೆ. ಎಕ್ಸೆಲ್ಲಿನಲ್ಲಿ ತೆರೆಯಬೇಕಾದ ಸಿಎಸ್‌ವಿ ಫೈಲಾದರೆ ಯುಟಿಎಫ್-8 ಹೆಸರಿನ ಕೊನೆಗೆ ಇನ್ನೊಂದು ಗೆರೆ ಹಾಕಿ ಸಿಗ್ ಎಂದು ಸೇರಿಸಿ, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರ ಕಾಣುತ್ತದೆ. ಹಾಗೆಯೇ ವಾಟ್ಸ್ಆ್ಯಪಿನಲ್ಲಿ ಯಾರೋ ಕಳಿಸಿದ ಕೋಡನ್ನು ಅಂಟಿಸಿದಾಗ ಉದ್ಧರಣ ಚಿಹ್ನೆಗಳು ಬಾಗಿಕೊಂಡಿದ್ದರೆ ಅದೂ ದೋಷವೇ. ನೆಟ್ಟಗಿನ ಚಿಹ್ನೆಯನ್ನು ಕೈಯಾರೆ ಹಾಕಿ.

ಇಎಸ್‌ಪಿ32: ಕಿಲೋಬೈಟ್‌ಗಳಲ್ಲಿ ಸಂಸಾರ

ಇದರಲ್ಲಿ ಓಡುವುದು ಮೈಕ್ರೋಪೈಥಾನ್. ಡೇಮಿಯನ್ ಜಾರ್ಜ್ 2013ರಲ್ಲಿ ಜನರಿಂದ ಹಣ ಕೂಡಿಸಿ ಮಾಡಿದ ಯೋಜನೆ. ಭಾಷೆಯ ವ್ಯಾಕರಣ ಬಹುಪಾಲು ಅದೇ, ಜತೆಯ ಲೈಬ್ರರಿಗಳು ಮಾತ್ರ ಕೆಲವೇ. ಬೋರ್ಡಿನ ಒಳ ಮೆಮೊರಿ 520 ಕಿಲೋಬೈಟ್, ಪ್ರೋಗ್ರಾಮಿಗೆ ಸಿಗುವುದು ಅದರ ಒಂದು ಭಾಗ. ಪಾಂಡಾಸ್, ಫ್ಲಾಸ್ಕ್ ಮುಂತಾದ ದೊಡ್ಡ ಲೈಬ್ರರಿಗಳ ಆಸೆ ಇಲ್ಲಿ ಇಟ್ಟುಕೊಳ್ಳಬಾರದು.

ಹಾಕುವ ಕ್ರಮ. ಬೋರ್ಡನ್ನು ಲ್ಯಾಪ್‌ಟಾಪಿಗೆ ಜೋಡಿಸಿ. ಕಂಪ್ಯೂಟರಿಗೆ ಪೋರ್ಟ್ ಕಾಣದಿದ್ದರೆ, ಕೇಬಲ್ ಸರಿಯಿದೆ ಎಂದಾದ ಮೇಲೆ, ಬೋರ್ಡಿನ ಮೇಲಿನ ಚಿಕ್ಕ ಚಿಪ್ಪಿನ ಹೆಸರು ಓದಿ: ಸಿಪಿ2102 ಅಥವಾ ಸಿಎಚ್340, ಆಯಾ ಡ್ರೈವರ್ ಹಾಕಿ. ಥಾನಿಯ ಟೂಲ್ಸ್ ಮೆನುವಿನಲ್ಲಿ ಆಪ್ಷನ್ಸ್, ಅದರಲ್ಲಿ ಇಂಟರ್‌ಪ್ರಿಟರ್, ಮೈಕ್ರೋಪೈಥಾನ್ ಇಎಸ್‌ಪಿ32 ಆಯ್ದು, ಕೆಳಗಿರುವ ಇನ್‌ಸ್ಟಾಲ್ ಆಯ್ಕೆ ಒತ್ತಿ. ನಿಮ್ಮ ಬೋರ್ಡ್ ಮೂಲ ಇಎಸ್‌ಪಿ32 ಹೌದೋ ಅಥವಾ ಎಸ್3, ಸಿ3 ಬಗೆಯದೋ ಎಂದು ನೋಡಿಕೊಂಡು ಆಯ್ಕೆ ಮಾಡಿ. ಮೂಲ ಇಎಸ್‌ಪಿ32ರಲ್ಲಿ ಫರ್ಮ್‌ವೇರ್ (ಬೋರ್ಡಿಗೆ ಬರೆಯುವ ಮೈಕ್ರೋಪೈಥಾನ್) ಶುರುವಾಗುವ ವಿಳಾಸ ಹದಿನಾರರ ಪದ್ಧತಿಯಲ್ಲಿ 1000, ಎಸ್3 ಮತ್ತು ಸಿ3ಗಳಲ್ಲಿ 0. ತಪ್ಪಿದರೆ ಬರೆದದ್ದೆಲ್ಲ ಸರಿಹೋದಂತೆ ಕಂಡೂ ಬೋರ್ಡ್ ಎಚ್ಚರಗೊಳ್ಳುವುದಿಲ್ಲ. ‘ಕನೆಕ್ಟಿಂಗ್’ ಎಂದು ಚುಕ್ಕಿ ಚುಕ್ಕಿ ಬಂದು ನಿಂತರೆ ಬೋರ್ಡಿನ ಬೂಟ್ ಗುಂಡಿಯನ್ನು ಒತ್ತಿ ಹಿಡಿಯಿರಿ, ಬರೆಯಲು ಶುರುವಾದ ಮೇಲೆ ಬಿಡಿ.

ವಯರು. ಸೆನ್ಸರಿನ ವಿಸಿಸಿ 5 ವೋಲ್ಟಿಗೆ, ಗ್ರೌಂಡ್ ಗ್ರೌಂಡಿಗೆ, ಟ್ರಿಗ್ಗರ್ 18ನೇ ಪಿನ್ನಿಗೆ. ಎಕೋವನ್ನು ನೇರ ಜೋಡಿಸಬೇಡಿ. ಸೆನ್ಸರ್ 5 ವೋಲ್ಟ್ ಕಳಿಸುತ್ತದೆ, ಬೋರ್ಡಿನ ಪಿನ್ನು ತಾಳುವುದು 3.3. ಎಕೋದಿಂದ 1 ಕಿಲೋಓಮ್ ಮೂಲಕ 19ನೇ ಪಿನ್ನಿಗೆ, ಅದೇ 19ರಿಂದ 2 ಕಿಲೋಓಮ್ ಮೂಲಕ ಗ್ರೌಂಡಿಗೆ. ಐದರ ಮೂರರಲ್ಲಿ ಎರಡು ಪಾಲು, 3.3 ಬರುತ್ತದೆ. ಈ ಎರಡು ರೆಸಿಸ್ಟರ್ ಇಲ್ಲದೆಯೂ ಕೆಲವು ದಿನ ನಡೆಯುತ್ತದೆ, ಆಮೇಲೆ ಪಿನ್ನು ಸಾಯುತ್ತದೆ. 6ರಿಂದ 11ರವರೆಗಿನ ಪಿನ್ನುಗಳು ಫ್ಲ್ಯಾಶ್ ಮೆಮೊರಿಯವು, ಮುಟ್ಟಬೇಡಿ. 34ರಿಂದ 39 ಕೇಳಲು ಮಾತ್ರ, ಹೇಳಲು ಆಗದು. 12ನೇ ಪಿನ್ನಿಗೆ ಏನಾದರೂ ಜೋಡಿಸಿ ಅದು ಆನ್ ಆಗುವಾಗ ಮೇಲಿದ್ದರೆ ಬೋರ್ಡ್ ಬೂಟೇ ಆಗುವುದಿಲ್ಲ.

ಅಳೆಯುವ ಫೈಲಿನ ಹೆಸರು ಮೇನ್ ಆಗಿರಬೇಕು, ಕರೆಂಟ್ ಬಂದ ಕೂಡಲೇ ತಾನಾಗಿ ಓಡುವುದು ಅದೇ. ಟ್ಯಾಂಕ್ ಫೈಲನ್ನೂ ಥಾನಿಯಿಂದ ಬೋರ್ಡಿಗೆ ಉಳಿಸಿ. ಮೇನ್ ಮಾಡುವ ಕೆಲಸ ಹೀಗೆ: ಟ್ರಿಗ್ಗರನ್ನು 10 ಮೈಕ್ರೋಸೆಕೆಂಡ್ ಮೇಲೆತ್ತಿ ಇಳಿಸುತ್ತದೆ, ಮೆಷಿನ್ ಮಾಡ್ಯೂಲಿನ ಟೈಮ್ ಪಲ್ಸ್ ಫಂಕ್ಷನ್ ಎಕೋ ಎಷ್ಟು ಮೈಕ್ರೋಸೆಕೆಂಡ್ ಮೇಲಿತ್ತು ಎಂದು ಹೇಳುತ್ತದೆ. ಅದಕ್ಕೆ 30,000 ಮೈಕ್ರೋಸೆಕೆಂಡಿನ ಗಡು ಕೊಡಿ. ಮರುದನಿ ಬರದಿದ್ದರೆ ಅದು −1 ಅಥವಾ −2 ಹಿಂತಿರುಗಿಸುತ್ತದೆ, ನಮ್ಮ ನಡುಬೆಲೆ ಫಂಕ್ಷನ್ ಅದನ್ನು ತಾನಾಗಿ ಬಿಸಾಡುತ್ತದೆ. 60 ಮಿಲಿಸೆಕೆಂಡ್ ಬಿಟ್ಟು ಬಿಟ್ಟು ಒಂಬತ್ತು ಸಲ. ಬಿಡುವು ಕಡಿಮೆ ಮಾಡಿದರೆ ಹಿಂದಿನ ಮರುದನಿ ಮುಂದಿನ ಅಳತೆಗೆ ಬೆರೆಯುತ್ತದೆ.

ಮೈಕ್ರೋಸೆಕೆಂಡನ್ನು 58ರಿಂದ ಭಾಗಿಸಿ ಎಂದು ಎಲ್ಲ ಕಡೆ ಬರೆದಿರುತ್ತದೆ. ಅದು 20 ಡಿಗ್ರಿ ಆಸುಪಾಸಿನ ಗಾಳಿಯ ಲೆಕ್ಕ, ನಮ್ಮ ಕರಾವಳಿಯ ಹಗಲಿಗೆ ಹೊಂದುವುದಿಲ್ಲ. ಶಬ್ದದ ವೇಗ ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 331.3 ಮೀಟರ್, ಅದಕ್ಕೆ ಪ್ರತಿ ಡಿಗ್ರಿಗೆ 0.606 ಸೇರಿಸಬೇಕು. 30 ಡಿಗ್ರಿಗೆ 349.5 ಆಗುತ್ತದೆ, ಭಾಜಕ 57.2. ಇನ್ನೂ ಒಂದು ಮಾತು: ಮುಂಜಾನೆ 24, ಮಧ್ಯಾಹ್ನ 34 ಇದ್ದರೆ ವೇಗದಲ್ಲಿ ಶೇ. 1.8ರಷ್ಟು ವ್ಯತ್ಯಾಸ. ಒಂದು ಮೀಟರ್ ದೂರಕ್ಕೆ 1.8 ಸೆಂ.ಮೀ., ಅಂದರೆ 15 ಲೀಟರ್. ಯಾರೂ ನಲ್ಲಿ ತಿರುಗಿಸದೆ ಟ್ಯಾಂಕಿಯ ನೀರು ಬಿಸಿಲೇರಿದಂತೆ ಹೆಚ್ಚಾಗುವುದು ಪವಾಡವಲ್ಲ, ಇದೇ. ಸೂಕ್ಷ್ಮ ಬೇಕಾದವರು ಒಂದು ಡಿಎಸ್18ಬಿ20 ಉಷ್ಣತಾ ಸೆನ್ಸರ್ ಸೇರಿಸಿ ಭಾಜಕವನ್ನು ಪ್ರತಿ ಸಲ ಲೆಕ್ಕ ಹಾಕಲಿ, ಉಳಿದವರಿಗೆ 57.2 ಸಾಕು.

ವೈಫೈ 2.4 ಗಿಗಾಹರ್ಟ್ಸಿನದ್ದೇ ಬೇಕು, 5ರ ಜಾಲ ಈ ಬೋರ್ಡಿಗೆ ಕಾಣುವುದೇ ಇಲ್ಲ. ನಿಮಿಷಕ್ಕೊಮ್ಮೆ ರಿಕ್ವೆಸ್ಟ್ಸ್ ಎಂಬ ಲೈಬ್ರರಿಯ ಮೂಲಕ ಲೀಟರ್ ಅಂಕಿಯನ್ನು ಫೋನಿನ ವಿಳಾಸಕ್ಕೆ ಕಳಿಸಿ. ಉತ್ತರ ಬಂದ ಮೇಲೆ ಅದನ್ನು ಕ್ಲೋಸ್ ಮಾಡಲೇಬೇಕು. ಮರೆತರೆ ಆರಂಭದಲ್ಲಿ ಎಲ್ಲವೂ ಚೆನ್ನಾಗಿ ನಡೆದು, ತೆರೆದುಳಿದ ಜಾಲಸಂಪರ್ಕದ ಸಾಕೆಟ್‌ಗಳು ಕೂಡುತ್ತಾ ಹೋಗಿ ಬೋರ್ಡ್ ಮೌನವಾಗುತ್ತದೆ. ಜತೆಗೆ ವಾಚ್‌ಡಾಗ್ ಇಡಿ: ಎರಡು ನಿಮಿಷ ಅದಕ್ಕೆ ಸದ್ದು ತಲುಪದಿದ್ದರೆ ಬೋರ್ಡ್ ತಾನೇ ಮರುಶುರುವಾಗಲಿ. ಇದನ್ನು ಪರೀಕ್ಷೆ ಮುಗಿದ ಮೇಲೆಯೇ ಸೇರಿಸಿ. ಮೊದಲೇ ಸೇರಿಸಿದರೆ ಥಾನಿಯಲ್ಲಿ ಕೋಡು ತಿದ್ದುತ್ತಿರುವಾಗಲೇ ಬೋರ್ಡ್ ಮರುಶುರುವಾಗುತ್ತಿರುತ್ತದೆ.

ಗಡಿಯಾರದ ಗೋಜಿಗೆ ಹೋಗಬೇಡಿ. ಈ ಬೋರ್ಡಿಗೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ 2000ನೇ ಇಸವಿಯ ಜನವರಿ 1. ಇಂಟರ್ನೆಟ್ಟಿನಿಂದ ಸಮಯ ತರಿಸಿದರೂ ಅದು ಗ್ರೀನಿಚ್ ಸಮಯ, ನಮ್ಮದಕ್ಕೆ 19,800 ಸೆಕೆಂಡ್ ಕೂಡಿಸಬೇಕು. ಮೇಲಾಗಿ ಅದರ ಎಣಿಕೆ 2000ದಿಂದ, ಫೋನು ಮತ್ತು ಲ್ಯಾಪ್‌ಟಾಪಿನದ್ದು 1970ರಿಂದ. ಎರಡು ಬೆರೆತರೆ ದಾಖಲೆಯಲ್ಲಿ ಮೂವತ್ತು ವರ್ಷದ ಹಿಂದಿನ ನೀರು ಕಾಣುತ್ತದೆ. ಬೋರ್ಡ್ ಬರೇ ಲೀಟರ್ ಹೇಳಲಿ, ಸಮಯದ ಮುದ್ರೆ ಫೋನ್ ಒತ್ತಲಿ.

ಹಳೆಯ ಫೋನು ಯಾಕೆ

ಇದೇ ಕೆಲಸಕ್ಕೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸುವವರು ಹೆಚ್ಚು. ಪೈ ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಲ್ಲಿ, ಬರೆಯುತ್ತಿರುವಾಗಲೇ ಪವರ್ ಹೋಗಿ ಮೆಮೊರಿ ಕಾರ್ಡ್ ಕೆಡುವುದು ಅದರ ಹಳೆಯ ಕಾಯಿಲೆ. ಹಳೆಯ ಫೋನಿಗೆ ಬ್ಯಾಟರಿ, ಪರದೆ, ವೈಫೈ, ಗಡಿಯಾರ ಎಲ್ಲವೂ ಮೈಯಲ್ಲೇ ಉಂಟು.

ಫೋನಿನಲ್ಲಿ ಆಜ್ಞೆ ಟೈಪ್ ಮಾಡಿ ಪೈಥಾನ್ ಓಡಿಸಲು ಬಿಡುವ ಟರ್ಮಕ್ಸ್ ಆ್ಯಪ್ ಹಾಕಿ, ಎಫ್-ಡ್ರಾಯ್ಡ್ ತಾಣದಿಂದ. ಜತೆಗೆ ಫೋನು ಆನ್ ಆದಾಗ ಪ್ರೋಗ್ರಾಮನ್ನು ತಾನಾಗಿ ಶುರುಮಾಡುವ ಟರ್ಮಕ್ಸ್ ಬೂಟ್ ಎಂಬ ಸಹಾಯಕ ಆ್ಯಪ್, ಅದೂ ಅಲ್ಲಿಂದಲೇ. ಬೇರೆ ಬೇರೆ ಮೂಲದಿಂದ ತಂದರೆ ಸಹಿ ಹೊಂದದೆ ಎರಡನೆಯದ್ದು ಇನ್‌ಸ್ಟಾಲೇ ಆಗುವುದಿಲ್ಲ. ಟರ್ಮಕ್ಸ್ ತೆರೆದು ಪಿಕೆಜಿ ಅಪ್‌ಗ್ರೇಡ್, ಆಮೇಲೆ ಪಿಕೆಜಿ ಇನ್‌ಸ್ಟಾಲ್ ಪೈಥಾನ್. ಇಷ್ಟೇ. ಮುಂದೆ ನಂಪೈ ಎಂಬ ಗಣಿತದ ಲೈಬ್ರರಿ ಬೇಕೆನಿಸಿದರೆ, ಪೈಥಾನಿಗೆ ಲೈಬ್ರರಿ ತರುವ ಪಿಪ್ ಆಜ್ಞೆಯ ಮೂಲಕ ಹಾಕಬೇಡಿ, ಫೋನು ಅದನ್ನು ಮೂಲದಿಂದ ಕಟ್ಟಲು ಹೊರಟು ಬಿಸಿಯಾಗಿ ಕೊನೆಗೆ ಸೋಲುತ್ತದೆ. ಪಿಕೆಜಿಯಲ್ಲೇ ಪೈಥಾನ್ ಗೆರೆ ನಂಪೈ ಎಂಬ ಸಿದ್ಧ ಪ್ಯಾಕೇಜು ಉಂಟು.

ಸರ್ವರಿಗೆ ಹೊರಗಿನ ಲೈಬ್ರರಿ ಬೇಡ, ಪೈಥಾನಿನ ಒಳಗೇ ಇರುವ ಎಚ್‌ಟಿಟಿಪಿ ಸರ್ವರ್ ಮತ್ತು ಎಸ್‌ಕ್ಯುಲೈಟ್3 ಎಂಬ ಡೇಟಾಬೇಸ್ ಸಾಕು. ಬರೆಯಬೇಕಾದದ್ದು ಎರಡು ದಾರಿ. ‘ಹಾಕು’ ಎಂಬ ದಾರಿಗೆ ಬೋರ್ಡಿನಿಂದ ಲೀಟರ್ ಬಂದರೆ ಈಗಿನ ಸಮಯ ಸೇರಿಸಿ ಟೇಬಲಿಗೆ ಒಂದು ಸಾಲು. ಬರೇ ವಿಳಾಸ ಕೇಳಿದರೆ ಈಗಿನ ಲೀಟರ್, ಸ್ಥಿತಿ, ಕಳೆದ 24 ಗಂಟೆಯ ಅಂಕಿ ಇರುವ ಕನ್ನಡ ಪುಟ. ಪುಟದ ತಲೆಯಲ್ಲಿ ಅಕ್ಷರಸಂಚಯ ಯುಟಿಎಫ್-8 ಎಂದು ಹೇಳುವುದನ್ನು, ಪಠ್ಯವನ್ನು ಎನ್‌ಕೋಡ್ ಮಾಡಿ ಕಳಿಸುವುದನ್ನು ಮರೆಯಬೇಡಿ. ಸ್ಥಿತಿ ಹೇಳುವುದು ಅದೇ ಟ್ಯಾಂಕ್ ಫೈಲು, ಲ್ಯಾಪ್‌ಟಾಪಿನಲ್ಲಿ ಪಾಸಾದದ್ದು, ಬೋರ್ಡಿನಲ್ಲಿ ಓಡುತ್ತಿರುವುದು. ಪೋರ್ಟ್ 8080 ಇಡಿ. 1024ಕ್ಕಿಂತ ಕೆಳಗಿನದ್ದನ್ನು ಆಂಡ್ರಾಯ್ಡ್ ಕೊಡುವುದಿಲ್ಲ. ಕೇಳುವ ವಿಳಾಸ ನಾಲ್ಕು ಸೊನ್ನೆ, ನಡುವೆ ಚುಕ್ಕಿ. ಇಲ್ಲಿ 127ರಿಂದ ಶುರುವಾಗುವ ವಿಳಾಸ ಹಾಕಿದರೆ ಫೋನು ತನ್ನ ಮಾತನ್ನು ತಾನು ಮಾತ್ರ ಕೇಳುತ್ತದೆ. ನಿಮಿಷಕ್ಕೊಂದರಂತೆ ವರ್ಷಕ್ಕೆ 5,25,600 ಸಾಲು, ಎಸ್‌ಕ್ಯುಲೈಟಿಗೆ ಅದು ಯಾವ ಮಹಾ ಹೊರೆಯೂ ಅಲ್ಲ.

ಇಲ್ಲಿ ಕೈಕೊಡುವುದು ಪೈಥಾನಲ್ಲ, ಆಂಡ್ರಾಯ್ಡ್. ಪರದೆ ಆರಿದ ಮೇಲೆ ಅದು ಹಿನ್ನೆಲೆಯ ಆ್ಯಪುಗಳನ್ನು ಕೊಲ್ಲುತ್ತದೆ. ಟರ್ಮಕ್ಸಿಗೆ ಬ್ಯಾಟರಿ ಮಿತಿ ತೆಗೆದುಹಾಕಿ, ಸರ್ವರ್ ಶುರುಮಾಡುವ ಮೊದಲು ಫೋನು ನಿದ್ದೆ ಹೋಗದಂತೆ ತಡೆಯುವ ಟರ್ಮಕ್ಸ್ ವೇಕ್ ಲಾಕ್ ಆಜ್ಞೆ ಕೊಡಿ. ರೌಟರಿನಲ್ಲಿ ಫೋನಿಗೆ ಕಾಯಂ ವಿಳಾಸ ಕಾದಿರಿಸಿ. ಅದಕ್ಕೂ ಮೊದಲು ಫೋನಿನ ವೈಫೈ ಸೆಟ್ಟಿಂಗಿನಲ್ಲಿ ಮ್ಯಾಕ್ ವಿಳಾಸ (ರೌಟರ್ ಫೋನನ್ನು ಗುರುತಿಸುವ ಸಂಖ್ಯೆ) ಯಾದೃಚ್ಛಿಕ ಬೇಡ, ಸಾಧನದ್ದೇ ಇರಲಿ ಎಂದು ಬದಲಿಸಿ. ಫೋನನ್ನು ಇಡೀ ದಿನ ನೂರು ಶೇಕಡಾ ಚಾರ್ಜಿನಲ್ಲಿ ಇಟ್ಟರೆ ಬ್ಯಾಟರಿ ಉಬ್ಬುತ್ತದೆ. 80ಕ್ಕೆ ನಿಲ್ಲಿಸುವ ಸೌಲಭ್ಯ ಇದ್ದರೆ ಹಾಕಿ, ಇಲ್ಲದಿದ್ದರೆ ಚಾರ್ಜರಿಗೆ ಟೈಮರ್ ಪ್ಲಗ್ ಹಾಕಿ ದಿನಕ್ಕೆ ಕೆಲವೇ ಗಂಟೆ. ಬೆನ್ನು ಉಬ್ಬಿದ ಫೋನನ್ನು ಒಂದು ದಿನವೂ ಮುಂದುವರಿಸಬೇಡಿ.

ಪೈಯನ್ನೇ ಬಳಸುವವರಿಗೆ ಒಂದು ಮಾತು. ಈಚಿನ ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಪಿಪ್ ನೇರವಾಗಿ ಹೊಡೆದರೆ ‘ಹೊರಗಿನಿಂದ ನಿರ್ವಹಿಸಲ್ಪಡುವ ಪರಿಸರ’ ಎಂದು ನಿರಾಕರಿಸುತ್ತದೆ. ಕೆಟ್ಟುಹೋಗಿಲ್ಲ, ವೆನ್ವ್ ಎಂಬ ಪ್ರತ್ಯೇಕ ಪೈಥಾನ್ ಫೋಲ್ಡರ್ ಮಾಡಿ ಅದರೊಳಗೆ ಹಾಕಿ.

ತಾರಸಿಯಲ್ಲಿ

ಉಪ್ಪುಗಾಳಿ ಮತ್ತು ತೇವ ಕೋಡಿಗಿಂತ ದೊಡ್ಡ ವೈರಿಗಳು. ಬೆಸುಗೆ ಹಾಕಿದ ಜಾಗಗಳಿಗೆ ತೇವ ತಡೆಯುವ ಕನ್ಫಾರ್ಮಲ್ ಲೇಪ ಬಳಿಯಿರಿ, ಸಿಗದಿದ್ದರೆ ಬಣ್ಣವಿಲ್ಲದ ಉಗುರುಬಣ್ಣವೂ ತಕ್ಕಮಟ್ಟಿಗೆ ನಡೆಯುತ್ತದೆ. ಯುಎಸ್‌ಬಿ ಬಾಯಿಗೆ, ಪಿನ್ನುಗಳಿಗೆ ತಾಗದಿರಲಿ. ಪೆಟ್ಟಿಗೆಯ ತೂತುಗಳೆಲ್ಲ ಕೆಳಮುಖವಾಗಿರಲಿ, ವಯರ್ ಒಳಗೆ ಹೋಗುವ ಮೊದಲು ಕೆಳಗೆ ಜೋತು ಮೇಲೇರಲಿ. ಮಳೆ ನೀರು ಆ ಡೊಂಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ತೂತು ಬಿಟ್ಟರೆ ಮೊದಲು ಇರುವೆ, ಆಮೇಲೆ ಹಲ್ಲಿ. ಸೆನ್ಸರಿನ ಸ್ವಂತ ವಯರನ್ನು ಉದ್ದ ಮಾಡಬೇಡಿ, ಪೆಟ್ಟಿಗೆಯನ್ನೇ ಟ್ಯಾಂಕಿಯ ಹತ್ತಿರ ಇಡಿ. ಸೆನ್ಸರ್ ಟ್ಯಾಂಕಿಯ ಗೋಡೆಗೂ ನೀರು ಬೀಳುವ ಪೈಪಿಗೂ ದೂರ, ನೆಟ್ಟಗೆ ಕೆಳಮುಖ.

ಮುಂಜಾನೆ ಮಾತ್ರ ಅಳತೆ 20–25ರಲ್ಲಿ ಅಂಟಿಕೊಂಡರೆ ಸೆನ್ಸರಿನ ಮುಖದ ಮೇಲೆ ಆವಿಯ ಹನಿ ಕೂತಿದೆ. ತುಸು ಓರೆ ಮಾಡಿದರೆ ಹನಿ ಜಾರುತ್ತದೆ. ಐದು ಡಿಗ್ರಿಗಿಂತ ಹೆಚ್ಚು ಓರೆ ಬೇಡ. ವೈಫೈ ಜೋಡಣೆಯಾಗುವ ಕ್ಷಣಕ್ಕೆ ಬೋರ್ಡ್ ಮರುಶುರುವಾಗುತ್ತಾ ‘ಬ್ರೌನ್‌ಔಟ್’ ಎಂದು ಬರೆದರೆ ಚಾರ್ಜರ್ ದುರ್ಬಲ ಅಥವಾ ವಯರ್ ಸಪೂರ. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಂಜೆ ಗುಡುಗು ಕೇಳಿದರೆ ಪ್ಲಗ್ ಎಳೆಯಿರಿ, ತಾರಸಿಯ ಉದ್ದ ವಯರು ಮಿಂಚಿಗೆ ಆಮಂತ್ರಣ. ಆ ಹೊತ್ತಿನ ಅಳತೆ ತಪ್ಪಿದರೆ ತಪ್ಪಲಿ.

ಅಂಕಿಗಳಿಂದ ಏನು ಸಿಗುತ್ತದೆ

ಹದಿನೈದು ದಿನ ಕಳೆದ ಮೇಲೆ ಡೇಟಾಬೇಸ್ ಫೈಲನ್ನು ಲ್ಯಾಪ್‌ಟಾಪಿಗೆ ತನ್ನಿ. ಫೋನಿನ ಡೌನ್‌ಲೋಡ್ ಫೋಲ್ಡರಿಗೆ ನಕಲು ಮಾಡಲು ಟರ್ಮಕ್ಸಿಗೆ ಮೊದಲು ಸೆಟಪ್ ಸ್ಟೋರೇಜ್ ಅನುಮತಿ ಬೇಕು. ಲ್ಯಾಪ್‌ಟಾಪಿನಲ್ಲಿ ಪಾಂಡಾಸ್ ಹಾಕಿ, ಟೇಬಲನ್ನು ಓದಿ, ಸಾಲಿನಿಂದ ಸಾಲಿಗೆ ವ್ಯತ್ಯಾಸ ತೆಗೆಯಿರಿ. ಇಳಿಕೆಗಳನ್ನು ಮಾತ್ರ ದಿನವಾರು ಕೂಡಿಸಿದರೆ ಖರ್ಚು. ಪ್ರತಿ ನಿಮಿಷದ ಅಲುಗಾಟವೂ ಇಳಿಕೆ ಎಂದು ಸೇರಿ ಖರ್ಚು ಉಬ್ಬದಂತೆ, ಮೊದಲು ಹತ್ತು ನಿಮಿಷದ ನಡುಬೆಲೆಗೆ ಇಳಿಸಿಕೊಂಡು ಆಮೇಲೆ ವ್ಯತ್ಯಾಸ ತೆಗೆಯಬೇಕು.

ರಾತ್ರಿ 12ರಿಂದ 4ರವರೆಗಿನ ಅಂಕಿ ಪ್ರತ್ಯೇಕ ನೋಡಿ. ಆ ಹೊತ್ತಿಗೆ ಗಂಟೆಗೆ ಒಂದು ಸೆಂಟಿಮೀಟರ್ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಹೆಚ್ಚಾಗಿ ಫ್ಲಶ್ ಟ್ಯಾಂಕಿನ ವಾಲ್ವು. ಗಂಟೆಗೆ 8.5 ಲೀಟರ್ ಅಂದರೆ ದಿನಕ್ಕೆ 204. ಆದರೆ ಗಾಳಿ ತಣಿಯುವುದರಿಂದಲೂ ಅಂಕಿ ತುಸು ಇಳಿಯುತ್ತದೆ ಎಂಬುದನ್ನು ನೆನಪಿಡಿ. ಒಂದು ರಾತ್ರಿ ಟ್ಯಾಂಕಿಯ ಹೊರಗಿನ ವಾಲ್ವ್ ಮುಚ್ಚಿ ಹೋಲಿಸಿದರೆ ಯಾವುದು ಯಾವುದೆಂದು ತಿಳಿಯುತ್ತದೆ.

ಪಂಪಿನದ್ದು ಇನ್ನೂ ಸುಲಭ. ಅರ್ಧ ಗಂಟೆಯಲ್ಲಿ ಸಾವಿರ ಲೀಟರ್ ಏರಿಸುವ ಪಂಪು ನಿಮಿಷಕ್ಕೆ ಸುಮಾರು 33 ಲೀಟರ್, ಅಂದರೆ 4 ಸೆಂ.ಮೀ. ಏರಿಸಬೇಕು. ನಿಮ್ಮ ಪಂಪಿನ ಏರಿಕೆಯನ್ನು ಜನವರಿಯಲ್ಲಿ ಒಮ್ಮೆ ಬರೆದಿಟ್ಟುಕೊಳ್ಳಿ. ವಾರದಿಂದ ವಾರಕ್ಕೆ ಏರಿಕೆ ನಿಧಾನವಾದರೆ ಬಾವಿ ಇಳಿಯುತ್ತಿದೆ. ಒಂದೇ ದಿನದಲ್ಲಿ ಅರ್ಧವಾದರೆ ಬಾವಿಯದ್ದಲ್ಲ, ಫುಟ್‌ವಾಲ್ವಿಗೆ ಕಸ ಸಿಕ್ಕಿದೆ ಅಥವಾ ಪೈಪು ಗಾಳಿ ಎಳೆಯುತ್ತಿದೆ. ಪಂಪು ಓಡುತ್ತಿರುವಾಗ ಮೂರು ನಿಮಿಷದಲ್ಲಿ ಒಂದು ಸೆಂಟಿಮೀಟರೂ ಏರದಿದ್ದರೆ ಕೂಡಲೇ ಸ್ವಿಚ್ ಆರಿಸಿ. ಈ ಎಚ್ಚರಿಕೆಯನ್ನು ಟ್ಯಾಂಕ್ ಫೈಲಿಗೆ ನಾಲ್ಕನೆಯ ಫಂಕ್ಷನ್ನಾಗಿ ಸೇರಿಸಬಹುದು: ಪಂಪು ಓಡುತ್ತಿದೆಯೇ ಎಂಬ ಹೌದು-ಇಲ್ಲ, ಕೊನೆಯ ನಾಲ್ಕು ಅಂಕಿಗಳ ಪಟ್ಟಿ, ಇಷ್ಟೇ ಅದಕ್ಕೆ ಬೇಕು. ಮೊದಲು ಲ್ಯಾಪ್‌ಟಾಪಿನಲ್ಲಿ ಅಸರ್ಟ್ ಬರೆದು, ಆಮೇಲೆ ಫೋನಿಗೆ.